ಆಳಿಗೆ ಆಳು

ಹೆಂಡತಿಯನ್ನು ಪೊಲೀಸರು ಕಲ್ಯಾಣಮಂಟಪದಲ್ಲಿ ಕೂಡಿಹಾಕಿದ್ದಾರೆ ಎಂದು ಫ್ಯಾಕ್ಟರಿಯಲ್ಲಿ ಹೇಳಲು ಬಾಯಿ ಬಾರದೆ ಗೋಪಿನಾಥ ಹೊಟ್ಟೆನೋವು ಎಂದು ಫೋನು ಮಾಡಿ ರಜೆ ಹಾಕಿದ್ದ. ಫೋನು ಇಟ್ಟ ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಹೊಟ್ಟೆ ನೋಯತೊಡಗಿತು. ಕಾಫಿಗೆ ಸಕ್ಕರೆ ಹುಡುಕುತ್ತಾ ಡಬ್ಬಿಯ ಮೇಲೆ ಡಬ್ಬಿ ತೆಗೆದು ಎಲ್ಲದರಲ್ಲೂ ಬೇಳೆಯನ್ನೇ ಕಂಡು, ಹದಿನಾರು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಸಕ್ಕರೆ ಎಲ್ಲಿದೆ ಎಂದು ಗೊತ್ತಿಲ್ಲದ್ದಕ್ಕೆ ನಾಚಿ, ಆ ನಾಚಿಕೆಯನ್ನೂ ಅವಳ ಮೇಲಿನ ಸಿಟ್ಟಿಗೇ ಸೇರಿಸಿಕೊಂಡ. ಹಲ್ಲಿ ಬಿದ್ದರೆ ಮಂಚ ಹತ್ತುವ ಹೆಂಗಸು. ಗ್ಯಾಸ್ ಸಿಲಿಂಡರಿನವನು ಜೋರಾಗಿ ಮಾತಾಡಿದರೆ ಬಾಗಿಲ ಹಿಂದೆ ನಿಂತು ನೀವೇ ಹೇಳಿ ಅನ್ನುವ ಹೆಂಗಸು. ಗಡಿಯ ತಳಿ ಊರಿನ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ, ದಿನಾ ಅದೇ ಬಸ್ಸಿನಲ್ಲಿ ಬಂದು, ಸೀಮೆಸುಣ್ಣದ ಕೈಯನ್ನು ಹಿತ್ತಲ ನಲ್ಲಿಯಲ್ಲಿ ತೊಳೆದುಕೊಂಡೇ ಒಳಗೆ ಬರುತ್ತಿದ್ದ ಆದಿಲಕ್ಷ್ಮಿ ಮೊನ್ನೆ ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದುಕೊಂಡು, ‘ಸಂಘದ ಮೀಟಿಂಗ್ ಐತೆ ರೀ, ಸಾಯಂಕಾಲ ಬಂದ್ಬಿಡ್ತೀನಿ’ ಎಂದು ಹೋದವಳು ಬಂದಿರಲಿಲ್ಲ. ಇಡೀ ತಮಿಳುನಾಡಿನಲ್ಲಿ ಮೇಷ್ಟ್ರುಗಳು, ಗುಮಾಸ್ತರು ಎಲ್ಲರೂ ಮುಷ್ಕರ ಹೂಡಿದ್ದರು. ಜೈಲಿನಲ್ಲಿ ಜಾಗ ಸಾಲದೆ, ಸಿಕ್ಕಿದ ಹೆಂಗಸರನ್ನೆಲ್ಲ ಕೃಷ್ಣಗಿರಿಯ ಮಂಟಪವೊಂದಕ್ಕೆ ತುಂಬಿದ್ದರು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಗೆ ಹೋಗಿ ಹಾಜರಿ ಹಾಕಿದವರಿಗೆ ಕೆಲಸ, ಉಳಿದವರಿಗೆ ಮನೆ ಎಂದು ಹೊಸೂರಿನ ತುಂಬ ಮಾತು ಹರಡಿತ್ತು.

‘ಅಮ್ಮ ಗೆಲ್ತಾರಾ ಅಪ್ಪಾ?’ ಎಂದು ಹತ್ತನೇ ಕ್ಲಾಸಿನ ಹರ್ಷಿತಾ ಕೇಳಿದಳು. ಅವಳ ಶಾಲೆಗೂ ಬೀಗ ಬಿದ್ದಿತ್ತು. ಗಣಿತದ ಪುಸ್ತಕ ತೆರೆದಿಟ್ಟುಕೊಂಡು ಮೊದಲನೆಯ ಪುಟದಲ್ಲೇ ಕೂತಿದ್ದಳು. ಪಬ್ಲಿಕ್ ಪರೀಕ್ಷೆಯ ವರ್ಷ, ಪಾಠ ಶುರುವಾಗುತ್ತಲೇ ನಿಂತುಹೋಗಿತ್ತು. ಇದೇನು ಕಬಡ್ಡಿಯಾ ಗೆಲ್ಲೋಕೆ ಎಂದು ಗದರಿಸಿ, ಗದರಿಸಿದ್ದಕ್ಕೆ ಬೇಜಾರಾಗಿ, ಮಧ್ಯಾಹ್ನ ಅನ್ನ ಮಾಡಿಕೊಂಡು ಉಣ್ಣು, ಸಾಯಂಕಾಲ ಅಮ್ಮನನ್ನು ಕರೆದುಕೊಂಡೇ ಬರುತ್ತೇನೆ ಅಂದ. ಸುಮ್ಮನೆ ಅಂದದ್ದಲ್ಲ. ಮಂಟಪದ ಕಾವಲಿಗೆ ಹಾಕಿದ್ದ ಹೆಡ್ ಕಾನ್‌ಸ್ಟೇಬಲ್ ಶ್ಯಾಮಣ್ಣ ಗೋಪಿನಾಥನ ಹುಟ್ಟೂರು ಉದ್ದನಪಲ್ಲಿಯವನು, ದೂರದ ನೆಂಟ. ಮಧ್ಯಾಹ್ನ ಅಡುಗೆಮನೆಯ ಬಾಗಿಲಿಂದ ಒಬ್ಬರನ್ನು, ಒಬ್ಬರನ್ನು ಮಾತ್ರ, ಕಣ್ಣು ಮುಚ್ಚಿ ಬಿಡುತ್ತೇನೆ ಎಂದು ಒಪ್ಪಿಕೊಂಡಿದ್ದ. ಆದಿಲಕ್ಷ್ಮಿ ಗಂಡನ ಮಾತಿಗೆ ಬಾರದಿದ್ದರೂ ಅತ್ತೆಯ ಮಾತು ಮೀರುವವಳಲ್ಲ. ಆದ್ದರಿಂದ ಗೋಪಿನಾಥ ಉದ್ದನಪಲ್ಲಿಯಿಂದ ತಾಯಿ ಗೋವಿಂದಮ್ಮನನ್ನೂ ಕರೆಸಿಕೊಂಡಿದ್ದ. ಸರ್ಕಾರಿ ಕೆಲಸ ಅಂದರೆ ಊರ ಮಾರಮ್ಮ ಇದ್ದ ಹಾಗೆ, ಒಲಿದ ಮೇಲೆ ಬಿಡಬಾರದು ಎಂದು ಮದುವೆಯಾದ ಹೊಸದರಲ್ಲಿ ಸೊಸೆಗೆ ಬುದ್ಧಿ ಹೇಳಿದ್ದ ಮುದುಕಿ ಅವಳು. ಇದಕ್ಕಿಂತ ಒಳ್ಳೆಯ ವಕೀಲರು ಸಿಗುವುದಿಲ್ಲ ಎಂದು ಅವನಿಗೆ ಧೈರ್ಯವಿತ್ತು.

ಹೊಸೂರಿನ ಬಸ್‌ಸ್ಟ್ಯಾಂಡಿಗೆ ತಾಯಿಯೊಡನೆ ಬಂದಾಗ ಕದಿರಮ್ಮ ಎದುರಾದಳು. ತಳಿಯ ಕಡೆಯವಳು, ಹೂವು ಮಾರಿ ಮಂಕರಿ ಖಾಲಿ ಮಾಡಿಕೊಂಡು ವಾಪಸು ಹೊರಟಿದ್ದಳು. ಅವಳ ಮೊಮ್ಮಗಳು ಆದಿಲಕ್ಷ್ಮಿಯ ಹತ್ತಿರ ಒಂದನೇ ಕ್ಲಾಸು. ಹಿಂದೊಮ್ಮೆ ಶಾಲೆಯ ಹತ್ತಿರ ಗೋಪಿನಾಥನನ್ನು ನೋಡಿದ್ದವಳು ಗುರುತು ಹಿಡಿದು ನೇರ ಬಂದು ನಿಂತಳು. ‘ಏನ್ ಸಾಮಿ, ನಿಮ್ಮ ಟೀಚರಮ್ಮಂಗೆ ಬರೋ ಸಂಬ್ಳ ಸಾಲ್ದಾ? ನಮ್ಮ ಮಗೀಗೆ ಮಧ್ಯಾಹ್ನದ ಊಟಾನೂ ಇಲ್ಲ, ಪಾಠಾನೂ ಇಲ್ಲ. ನನ್ನ ಜೊತೆ ಹೂವು ಕೀಳಕ್ಕೆ ಬತ್ತೈತೆ. ಒಂದ್ಸಲ ಹೂವಿಗೆ ಬಂದ ಮಗು ಮತ್ತೆ ಪುಸ್ತಕಕ್ಕೆ ಹೋದ್ದು ನಾನು ಕಂಡಿಲ್ಲ.’ ಬೆಳಿಗ್ಗೆಯಿಂದ ಅವನು ಒಳಗೇ ಹೇಳಿಕೊಳ್ಳುತ್ತಿದ್ದದ್ದೂ ಅದೇ. ಆದರೂ ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು; ಅವರಿಗೆ ಪಿಂಚಣಿ ಕಡಿದಿದ್ದಾರೆ, ವಯಸ್ಸಾದ ಮೇಲೆ ಏನು ಗತಿ ಎಂದು ತನಗೇ ನಂಬಿಕೆಯಿಲ್ಲದ ಮಾತನ್ನು ಜೋರಾಗಿ ಹೇಳಿದ. ‘ನಮಗೆ ಯಾವನ್ ಸಾಮಿ ಪಿಂಚಣಿ ಕೊಟ್ಟವ್ನೆ?’ ಎಂದಳು ಕದಿರಮ್ಮ. ಹೋದವಳು ನಾಲ್ಕು ಹೆಜ್ಜೆಯಿಂದ ತಿರುಗಿ ಬಂದು, ಮಂಕರಿಯ ತಳದಲ್ಲಿ ಮನೆಗೆಂದು ಉಳಿಸಿಕೊಂಡಿದ್ದ ಕನಕಾಂಬರವನ್ನು ಎಲೆಯಲ್ಲಿ ಕಟ್ಟಿ ಗೋವಿಂದಮ್ಮನ ಕೈಗೆ ಕೊಟ್ಟಳು. ‘ಕದಿರಮ್ಮ ಬೈದ್ಳು ಅಂತ ಹೇಳು. ಹೂವು ಕೊಟ್ಳು ಅಂತಾನೂ ಹೇಳು.’

ಕೃಷ್ಣಗಿರಿಯ ಬಸ್ಸು ಹೆದ್ದಾರಿಗೆ ಬಿದ್ದ ಮೇಲೆ ಅವನು ಕಿಟಕಿಯಿಂದ ನೋಡುತ್ತಾ ಕೂತ. ಮೊದಲ ಶಾಲೆ ಕಂಡಾಗ ಏನೂ ಅನ್ನಿಸಲಿಲ್ಲ, ಗೇಟಿಗೆ ಬೀಗ. ಆಮೇಲೆ ಇನ್ನೊಂದು. ಶೂಲಗಿರಿ ದಾಟುವ ಹೊತ್ತಿಗೆ ಅವನು ಶಾಲೆಗಳನ್ನೇ ಹುಡುಕತೊಡಗಿದ್ದ. ಈ ದಾರಿಯಲ್ಲಿ ಇಷ್ಟೊಂದು ಶಾಲೆಗಳಿದ್ದವೇ? ಗಂಟೆ ಬಾರಿಸುತ್ತಿದ್ದಾಗ, ಮಕ್ಕಳು ಗಲಾಟೆ ಮಾಡುತ್ತಿದ್ದಾಗ ಕಣ್ಣಿಗೆ ಬೀಳದಿದ್ದ ಹಳದಿ ಗೋಡೆಗಳು ಬಾಗಿಲು ಹಾಕಿದ ಮೇಲೆ ಒಂದೊಂದಾಗಿ ಎದ್ದು ಬಂದು ರಸ್ತೆಯ ಬದಿಗೆ ನಿಂತಿದ್ದವು. ಧ್ವಜದ ಕಂಬ, ಕೈಪಂಪು, ಬೇಲಿಯಲ್ಲಿ ನುಗ್ಗಿ ಆಟದ ಬಯಲಿನಲ್ಲಿ ಮೇಯುತ್ತಿರುವ ಕುರಿ. ಇಲ್ಲಿಂದ ಕನ್ಯಾಕುಮಾರಿಯವರೆಗೆ ಹೀಗೇ ಇದೆಯಂತೆ. ಇಷ್ಟೊಂದು ಬೀಗಗಳನ್ನು ಒಂದೇ ದಿನ ಹಾಕಿದ ಕೈಗಳಲ್ಲಿ ಒಂದು ಕೈ ತನ್ನ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿತ್ತು ಎಂದು ಯೋಚಿಸಿದಾಗ ಅವನಿಗೆ ಭಯವಾಯಿತು. ಭಯ ಎನ್ನುವುದಕ್ಕಿಂತ, ಚಿಕ್ಕಂದಿನಲ್ಲಿ ಮೊದಲ ಸಲ ಕೃಷ್ಣಗಿರಿಯ ಬೆಟ್ಟದ ಕೋಟೆಯನ್ನು ಕೆಳಗಿನಿಂದ ನೋಡಿದಾಗ ಆದದ್ದು. ಫ್ಯಾಕ್ಟರಿಯಲ್ಲಿ ಮುಷ್ಕರವಾದಾಗ ಹೀಗಾಗಿರಲಿಲ್ಲ. ಆಗ ಅವನು ಸ್ಟೋರ್ಸಿನ ಸ್ಟಾಫು; ಪರದೆ ಎಳೆದ ವ್ಯಾನಿನಲ್ಲಿ ಹಿಂದಿನ ಗೇಟಿನಿಂದ ಒಳಗೆ ಹೋಗಿ ತಿಂಗಳೊಂದು ಮಿಷಿನ್ ಓಡಿಸಿದವರಲ್ಲಿ ಒಬ್ಬ. ಕಲ್ಲು ಹೊಡೆಯುತ್ತಾರೆ, ಬೈಯುತ್ತಾರೆ ಎಂದು ಮೈ ಬಿಗಿಹಿಡಿದು ಕೂತಿದ್ದರೆ, ಪರದೆಯ ಸಂದಿಯಿಂದ ಮುಷ್ಕರ ಹೂಡಿದ್ದ ಮುತ್ತರಾಯಪ್ಪನೆಂಬ ಫಿಟ್ಟರು ಇಣುಕಿ, ‘ಸಾರ್, ತಿಂಡಿ ಆಯ್ತಾ?’ ಎಂದು ಕೇಳಿದ್ದ. ಬೈದಿದ್ದರೆ ಮರೆತುಹೋಗುತ್ತಿತ್ತು. ಕೊನೆಗೆ ಅವರು ಸೋತು ತಲೆ ತಗ್ಗಿಸಿ ಒಳಗೆ ಬಂದರು, ಮುತ್ತರಾಯಪ್ಪ ಬರಲೇ ಇಲ್ಲ. ಸಂಘ ಅಂದರೆ ಸೋಲುವವರ ಸಂಘ ಎಂದು ಅವತ್ತೇ ಅವನು ತೀರ್ಮಾನಿಸಿದ್ದ, ಇವಳಿಗೂ ಎಷ್ಟೋ ಸಲ ಹೇಳಿದ್ದ. ಪಕ್ಕದಲ್ಲಿ ಗೋವಿಂದಮ್ಮ ಹೂವಿನ ಎಲೆಯನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಳು. ‘ಅಮ್ಮ, ಅಲ್ಲಿ ಹೋದ್ಮೇಲೆ ನೀನೇ ಮಾತಾಡ್ಬೇಕು’ ಅಂದ. ‘ಆಡ್ತೀನಿ ಬಿಡ್ಲಾ, ನಂಗೇನ್ ಬಾಯಿಲ್ವಾ’ ಎಂದು ಕಣ್ಣು ತೆರೆಯದೆಯೇ ಹೇಳಿದಳು.

ಕೃಷ್ಣಗಿರಿಯಲ್ಲಿ ಇಳಿದಾಗ ಮಾವಿನ ಮಂಡಿಯ ವಾಸನೆ ರಸ್ತೆಯ ತುಂಬ ಇತ್ತು, ಸೀಸನ್ನಿನ ಕೊನೆಯ ಹುಳಿವಾಸನೆ. ಮಂಟಪದ ಬಾಗಿಲಲ್ಲಿ ಹಳೆಯ ಮದುವೆಯೊಂದರ ಬಾಳೆಕಂದು ಒಣಗಿ ನಿಂತಿತ್ತು. ಥರ್ಮೋಕೋಲಿನಲ್ಲಿ ಕೊರೆದ ವಧೂವರರ ಹೆಸರನ್ನು ಯಾರೂ ತೆಗೆದಿರಲಿಲ್ಲ, ಅದರ ಕೆಳಗೆ ಮಹಿಳಾ ಪೊಲೀಸರಿಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಎದುರಿನ ಹುಣಸೆಮರದ ಕೆಳಗೆ ಗಂಡಂದಿರ ಒಂದು ಗುಂಪು. ಎಲ್ಲರ ಕೈಯಲ್ಲೂ ಒಂದೊಂದು ಡಬ್ಬಿಯೋ ಬ್ಯಾಗೋ. ಒಬ್ಬರ ಮುಖವನ್ನೊಬ್ಬರು ನೋಡದೆ, ಹೆರಿಗೆ ಆಸ್ಪತ್ರೆಯ ಹೊರಗೆ ನಿಂತವರ ಹಾಗೆ ನಿಂತಿದ್ದರು. ಒಬ್ಬ ಯುವಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಮರದ ಸುತ್ತ ತಿರುಗುತ್ತಿದ್ದ. ಮಗು ಅಳುತ್ತಿತ್ತು, ಅತ್ತು ಅತ್ತು ಗಂಟಲು ಕಟ್ಟಿದ ಅಳು. ಅವರನ್ನೆಲ್ಲ ದಾಟಿ, ತನಗೆ ಮಾತ್ರ ತೆರೆಯುವ ಬಾಗಿಲೊಂದು ಹಿಂದೆ ಇದೆ ಎಂದು ತಿಳಿದುಕೊಂಡು ಹೋಗುವಾಗ ಗೋಪಿನಾಥನಿಗೆ ವ್ಯಾನಿನ ಪರದೆ ನೆನಪಾಯಿತು.

ಅಡುಗೆಮನೆಯಲ್ಲಿ ಆಳೆತ್ತರದ ಕೊಳಗಗಳನ್ನು ಬೋರಲು ಹಾಕಿತ್ತು. ಶ್ಯಾಮಣ್ಣ ಒಲೆಯ ಕಟ್ಟೆಯ ಮೇಲೆ ಟೋಪಿ ಬಿಚ್ಚಿಟ್ಟುಕೊಂಡು ಕೂತಿದ್ದ. ಮೊನ್ನೆಯಿಂದ ಮನೆಗೆ ಹೋಗಿರಲಿಲ್ಲವಂತೆ, ಕಣ್ಣು ಕೆಂಪಾಗಿತ್ತು. ‘ಬೇಗ ಮುಗಿಸ್ಕಂಡು ಹೊಂಡ್ರಿ ಭಾವ. ಮಧ್ಯಾಹ್ನದ ಎಣಿಕೆ ಮುಗಿದೈತೆ, ಮತ್ತೆ ರಾತ್ರೀನೇ. ಅಷ್ಟರಲ್ಲಿ ನಾನು ಒಂದು ತಲೆ ಹೆಂಗೋ ಹೊಂದಿಸ್ಕಂತೀನಿ. ನಮ್ಮಂಥೋರು ಮುಷ್ಕರ ಮಾಡೋ ಹಂಗೂ ಇಲ್ಲ, ಮಾಡ್ದೋರನ್ನ ಕಾಯ್ಬೇಕು ಅಷ್ಟೆ’ ಎಂದು ಹಾಲ್‌ಗೆ ಹೋಗುವ ಬಾಗಿಲನ್ನು ತೆರೆದ.

ಒಳಗೆ ಘೋಷಣೆ ಕೂಗುತ್ತಿರಬಹುದು, ಅಥವಾ ಅಳುತ್ತಿರಬಹುದು ಎಂದು ಗೋಪಿನಾಥ ಅಂದುಕೊಂಡಿದ್ದ. ಎರಡೂ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ಹೆಂಗಸರು ಹಾಲ್‌ನ ಉದ್ದಕ್ಕೂ ಸಾಲಾಗಿ, ಒಬ್ಬರ ಬೆನ್ನಿಗೆ ಒಬ್ಬರು ಮುಖಮಾಡಿ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಹಿಂದಿನವಳು ಮುಂದಿನವಳ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಹೆಣೆಯುತ್ತಿದ್ದಳು. ಅವಳ ಜಡೆ ಅವಳ ಹಿಂದಿನವಳ ಕೈಯಲ್ಲಿತ್ತು. ಬಾಚಣಿಗೆಗಳು ನಾಲ್ಕೋ ಐದೋ ಇದ್ದಿರಬೇಕು, ಕೈಯಿಂದ ಕೈಗೆ ದಾಟುತ್ತಿದ್ದವು, ಇಲ್ಲದವರು ಬೆರಳಿನಲ್ಲೇ ಬಾಚುತ್ತಿದ್ದರು. ಸಾಲು ಗೋಡೆಯ ತನಕ ಹೋಗಿ, ಮದುವೆಯ ವೇದಿಕೆಯನ್ನು ಬಳಸಿ, ಈ ಕಡೆಗೆ ತಿರುಗಿ ಬಂದು ಶುರುವಾದಲ್ಲಿಗೇ ಸೇರಿತ್ತು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಮೆಲ್ಲಗೆ ಮಾತು ನಡೆದಿತ್ತು. ಎಂಥ ಸಾಧಾರಣ ಕೆಲಸ. ದಿನಾ ಸಾಯಂಕಾಲ ಯಾವ ಜಗಲಿಯಲ್ಲಾದರೂ ಕಾಣುವಂಥದ್ದು. ಆದರೆ ಇಷ್ಟು ಜನ ಸೇರಿ, ಯಾರದ್ದೂ ಮೊದಲಲ್ಲದೆ ಯಾರದ್ದೂ ಕೊನೆಯಲ್ಲದೆ ಮಾಡುತ್ತಿದ್ದುದನ್ನು ಕಂಡು ಅವನಿಗೆ ಮೈ ಜುಮ್ಮೆಂದಿತು. ಚಪ್ಪಲಿ ಬಿಡಬೇಕು ಅನ್ನಿಸಿತು, ಬಿಟ್ಟ. ತನ್ನ ಹೆಂಡತಿ ಯಾವಳು ಎಂದು ಅವನಿಗೆ ತಕ್ಷಣ ಗುರುತು ಸಿಗಲಿಲ್ಲ. ಹದಿನಾರು ವರ್ಷದಲ್ಲಿ ಅವಳನ್ನು ಇಷ್ಟೊಂದು ಹೆಂಗಸರ ನಡುವೆ ಅವನು ನೋಡಿರಲೇ ಇಲ್ಲ. ಕೊನೆಗೆ ಅವಳೇ ಅತ್ತೆಯನ್ನು ನೋಡಿ, ಕೈಯಲ್ಲಿದ್ದ ಜಡೆಯನ್ನು ಹಿಂದಿನವಳಿಗೆ ಒಪ್ಪಿಸಿ, ಎದ್ದು ಬಂದಳು. ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು. ಸೀರೆ ಮುದುರಿತ್ತು. ಹೊಸಿಲ ಆಚೆಯೇ ನಿಂತಳು.

ಅವನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಹೇಳಿದ. ನಾಳೆ ಹತ್ತು ಗಂಟೆಗೆ ಒಂದು ಸಹಿ ಹಾಕಿದರೆ ಸಾಕು, ಸಂಘದವರು ನಾಳೆ ರಾಜಿ ಮಾಡಿಕೊಂಡು ಹಾರ ಹಾಕಿಸಿಕೊಳ್ಳುತ್ತಾರೆ, ಬೀದಿಗೆ ಬೀಳುವುದು ನಾವು, ಹರ್ಷಿತಾ ಪರೀಕ್ಷೆ, ಹಳ್ಳಿಯ ಮಕ್ಕಳು ಹೂವು ಕೀಳಕ್ಕೆ ಹೋಗುತ್ತಿವೆ, ಆ ಪಾಪ ಯಾರಿಗೆ. ಕೊನೆಯದಕ್ಕೆ ಅವಳ ಮುಖ ಸಣ್ಣದಾಯಿತು. ‘ಯಾರು, ಕದಿರಮ್ಮನ ಮೊಮ್ಮಗಳಾ?’ ಎಂದು ಕೇಳಿ, ‘ಈಗ್ತಾನೆ ಅಕ್ಷರ ಕೂಡ್ಸಿ ಓದೋಕೆ ಶುರು ಮಾಡಿತ್ತು’ ಅಂದಳು. ‘ನನಗೂ ಅದೇ ರೀ ನಿದ್ದೆ ಬರದೆ ಇರೋದು. ಸರೀನೋ ತಪ್ಪೋ ನನಗೇ ಗೊತ್ತಾಗ್ತಿಲ್ಲ.’ ಗೆದ್ದೆ ಅನ್ನಿಸಿತು ಅವನಿಗೆ. ಕಾದ ಕಬ್ಬಿಣ ತಣ್ಣಗಾಗುವ ಮುಂಚೆ ಬಡಿಯಬೇಕೆಂದು ತಾಯಿಯ ಕಡೆ ನೋಡಿ, ಹೇಳಮ್ಮ ನೀನೇ ಅಂದ.

ಗೋವಿಂದಮ್ಮ ಹೂವಿನ ಎಲೆಯನ್ನು ಸೊಸೆಯ ಕೈಗಿಟ್ಟು, ಹಾಲ್‌ನೊಳಗೆ ಕಣ್ಣು ಹಾಯಿಸಿ, ‘ಇವ್ರಲ್ಲಿ ನಿನಗೆ ಯಾರ್ದಾದ್ರೂ ಮುಯ್ಯಾಳು ಬಾಕಿ ಐತಾ?’ ಎಂದು ಕೇಳಿದಳು.

ಗೋಪಿನಾಥನಿಗೆ ಸಿಟ್ಟು ಬಂತು. ಇದೇನು ರಾಗಿ ಹೊಲವೇ? ಉದ್ದನಪಲ್ಲಿಯಲ್ಲಿ ಕಳೆ ಕೀಳುವ ದಿನಗಳಲ್ಲಿ ಕೂಲಿ ಕೊಟ್ಟು ಆಳು ಕರೆಯುತ್ತಿರಲಿಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಅದೇ ಮುಯ್ಯಾಳು. ತಂದೆ ಸತ್ತ ವರ್ಷ ಅವನು ಚಿಕ್ಕವನು. ಕರೆಯದೆಯೇ ಇಡೀ ಕೇರಿಯ ಹೆಂಗಸರು ಬೆಳಗಾಗುವ ಮುಂಚೆ ಹೊಲಕ್ಕಿಳಿದು ಕಳೆ ತೆಗೆದು ಮುಗಿಸಿದ್ದರು. ಆ ಋಣವನ್ನು ಗೋವಿಂದಮ್ಮ ಬೆನ್ನು ಬಾಗಿಸಿ ತೀರಿಸುತ್ತಾ ಹೋದಳು, ಜ್ವರದಲ್ಲೂ ಹೋದಳು. ಒಮ್ಮೆ ಏಳಲಾಗದೆ ಮಲಗಿದ್ದಾಗ ಸ್ಕೂಲಿಗೆ ಹೊರಟಿದ್ದ ಅವನ ಪುಸ್ತಕದ ಚೀಲವನ್ನು ಇಳಿಸಿ, ನನ್ನ ಬದಲು ನೀನು ಹೋಗಿ ರಾಮಕ್ಕನ ಹೊಲದಲ್ಲಿ ನಿಂತುಕೋ ಎಂದು ಕಳಿಸಿದ್ದಳು. ಅವನಿಗೆ ಕಳೆಗೂ ಪೈರಿಗೂ ವ್ಯತ್ಯಾಸ ತಿಳಿಯದೆ ಪೈರನ್ನೇ ಕಿತ್ತು ಹಾಕಿದ್ದ. ರಾಮಕ್ಕ ನಕ್ಕು, ಇರಲಿ ಬಿಡು, ಆಳಿಗೆ ಆಳು ಬಂತಲ್ಲ ಅಂದಿದ್ದಳು. ಕೆಲಸ ಎಷ್ಟಾಯಿತು ಅನ್ನುವುದಲ್ಲ, ಬರಬೇಕಾದ ಮನೆಯಿಂದ ಒಂದು ತಲೆ ಬಂತೇ ಅನ್ನುವುದು ಲೆಕ್ಕ. ಮುಯ್ಯಿ ತಪ್ಪಿಸಿದವರನ್ನು ಆ ಊರಿನಲ್ಲಿ ಯಾರೂ ಬೈಯುತ್ತಿರಲಿಲ್ಲ. ಮಾರನೆಯ ವರ್ಷ ಅವರ ಹೊಲಕ್ಕೆ ಯಾರೂ ಹೋಗುತ್ತಿರಲಿಲ್ಲ, ಅಷ್ಟೆ.

ಆದಿಲಕ್ಷ್ಮಿ ಅತ್ತೆಯ ಪ್ರಶ್ನೆಗೆ ನಗಲಿಲ್ಲ. ‘ಐತೆ ಅತ್ತೆ. ನನಗೆ ಟೈಫಾಯಿಡ್ ಆದಾಗ ನಮ್ಮ ಸ್ಕೂಲಿನ ಶಶಿಕಲಾ ಎರಡೂ ಕ್ಲಾಸನ್ನ ಒಂದೇ ರೂಮಿನಲ್ಲಿ ಕೂಡಿಸ್ಕೊಂಡು ಪಾಠ ಮಾಡಿದ್ಳು. ಆಗ ಅವಳು ಹೊಸಬಳು. ಆಮೇಲೆ ನನ್ನ ದೂರ ವರ್ಗ ಮಾಡಿದಾಗ ಇಲ್ಲಿರೋರು ಅರ್ಧ ಜನ ಧರ್ಮಪುರಿಗೆ ಹೋಗಿ ಆಫೀಸಿನ ಮುಂದೆ ಕೂತಿದ್ರು. ಬಿಸಿಲಲ್ಲಿ.’ ವರ್ಗ ರದ್ದಾದದ್ದು ತಾನು ಯಾರನ್ನೋ ಹಿಡಿದು ಮಾಡಿಸಿದ ಶಿಫಾರಸಿನಿಂದ ಎಂದು ಗೋಪಿನಾಥ ಇಷ್ಟು ವರ್ಷ ತಿಳಿದುಕೊಂಡಿದ್ದ, ನೆಂಟರ ಮನೆಗಳಲ್ಲಿ ಹೇಳಿಕೊಂಡೂ ಇದ್ದ. ಅವಳು ಒಂದು ದಿನವೂ ಅಲ್ಲವೆಂದಿರಲಿಲ್ಲ. ಅವನ ಕಿವಿ ಬಿಸಿಯಾಯಿತು.

‘ಹಂಗಾರೆ ಬಾ ಅಂತ ನಾನು ಹೆಂಗೆ ಹೇಳ್ಲವ್ವ’ ಎಂದಳು ಗೋವಿಂದಮ್ಮ. ಮಗನ ಕಡೆ ತಿರುಗಿ, ‘ಕೆಲ್ಸ ಹೋದ್ರೆ ಹೋಯ್ತದೆ ಕಣ್ಲಾ, ನಂಗೂ ಹೊಟ್ಟೆ ಉರೀತದೆ. ಆದ್ರೆ ಮುಯ್ಯಿ ಇಟ್ಕಂಡು ಹೊಲದಿಂದ ಎದ್ದು ಬಂದೋಳು ನಾಳೆ ಅದೇ ಕೇರೀಲಿ ಹೆಂಗೆ ಬದುಕ್ತಾಳೆ?’ ಅಂದಳು. ಒಳ್ಳೆಯ ವಕೀಲರನ್ನೇ ಕರೆತಂದಿದ್ದೆ ಎಂದು ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಆದಿಲಕ್ಷ್ಮಿ ಹಿಂದೆ ತಿರುಗಿ ನೋಡಿದಳು. ಸಾಲಿನಲ್ಲಿ ಅವಳು ಹೆಣೆಯುತ್ತಿದ್ದ ಜಡೆಯ ಹುಡುಗಿ ಎದೆಯ ಮೇಲೆ ಸೆರಗನ್ನು ದಪ್ಪಗೆ ಮಡಿಸಿ ಒತ್ತಿ ಹಿಡಿದು ಕೂತಿದ್ದಳು. ‘ಅವಳೇ ಶಶಿಕಲಾ. ಮಗೂಗೆ ಐದು ತಿಂಗಳು. ಮೊನ್ನೆಯಿಂದ ಹಾಲು ಹಿಂಡಿ ಹಿಂಡಿ ಬಚ್ಚಲಿಗೆ ಚೆಲ್ತಾ ಇದ್ದಾಳೆ, ಎದೆ ಕಟ್ಕೊಂಡು ಜ್ವರ ಬಂದೈತೆ. ಅವಳ ಯಜಮಾನ್ರು ಯತಿರಾಜ್ ಮಗೂನ ಎತ್ಕೊಂಡು ಹೊರಗೇ ನಿಂತವ್ರಂತೆ, ಒಳಕ್ಕೆ ಬಿಡ್ತಿಲ್ಲ. ಒಬ್ರನ್ನ ಬಿಡೋ ಹಂಗಿದ್ರೆ ರೀ, ಅವಳನ್ನ ಕರ್ಕೊಂಡು ಹೋಗಿ.’ ಅವಳು ಬೇಡುವ ದನಿಯಲ್ಲಿ ಹೇಳಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಗಿದೆ, ತಗೊಂಡು ಬನ್ನಿ ಅನ್ನುವ ಹಾಗೆ ಹೇಳಿದಳು. ಬಾಗಿಲ ಹಿಂದೆ ನಿಂತು ನೀವೇ ಹೇಳಿ ಅನ್ನುತ್ತಿದ್ದವಳು ಇವಳೇ ಎಂದು ಅವನಿಗೆ ನಂಬಲಾಗಲಿಲ್ಲ. ಹುಣಸೆಮರದ ಸುತ್ತ ತಿರುಗುತ್ತಿದ್ದ ಯುವಕ, ಗಂಟಲು ಕಟ್ಟಿದ ಆ ಅಳು. ಅದನ್ನು ದಾಟಿಕೊಂಡೇ ಅವನು ಬಂದಿದ್ದ.

ಶಶಿಕಲಾ ಒಲ್ಲೆನೆಂದಳು. ನಾಳೆ ಇವರೆಲ್ಲ ನನ್ನನ್ನು ಓಡಿಹೋದವಳು ಎಂದರೆ ಎಂದು ಅತ್ತಳು. ಒಬ್ಬಳು ಅವಳ ಅರ್ಧ ಹೆಣೆದ ಜಡೆಯನ್ನು ಬೇಗ ಬೇಗ ಮುಗಿಸಿದಳು, ಇನ್ನೊಬ್ಬಳು ಚಪ್ಪಲಿ ಹುಡುಕಿ ತಂದು ಕಾಲ ಹತ್ತಿರ ಇಟ್ಟಳು. ‘ಸಹಿ ಮಾಡಲ್ಲ ಅಕ್ಕ. ಮಗೂಗೆ ಹಾಲು ಕೊಟ್ಟು ವಾಪಸ್ ಬತ್ತೀನಿ, ಹೊತ್ತು ಮುಳುಗೋದ್ರೊಳಗೆ’ ಎಂದಳು ಶಶಿಕಲಾ, ಆದಿಲಕ್ಷ್ಮಿಗಲ್ಲ, ಇಡೀ ಸಾಲಿಗೆ. ಯಾರೂ ಆಣೆ ಕೇಳಲಿಲ್ಲ. ಗೋಪಿನಾಥ ಅವಳನ್ನು ಹಿಂದಿನ ಓಣಿಯಿಂದ ಸುತ್ತಿಸಿಕೊಂಡು ಹುಣಸೆಮರದ ಹತ್ತಿರ ಬಿಟ್ಟ. ಯತಿರಾಜ್ ಮಗುವನ್ನು ಅವಳ ಕೈಗೆ ಕೊಟ್ಟ. ಅವಳು ಅಲ್ಲೇ, ನಿಂತಿದ್ದ ಆಟೋದ ಒಳಗೆ ಸೆರಗು ಮುಚ್ಚಿಕೊಂಡು ಕೂತಳು. ಅಳು ನಿಂತಿತು. ಮರದ ಕೆಳಗಿನ ಗಂಡಸರೆಲ್ಲ ಆ ನಿಶ್ಶಬ್ದದ ಕಡೆಗೆ ತಲೆಯೆತ್ತಿ, ಮತ್ತೆ ತಗ್ಗಿಸಿದರು. ಅವನ ಹೊಟ್ಟೆನೋವು ಯಾವಾಗಲೋ ಹೋಗಿತ್ತು.

ತಾಯಿಯನ್ನು ಕರೆದುಕೊಂಡು ಹೊರಡೋಣವೆಂದು ವಾಪಸು ಬರುವಷ್ಟರಲ್ಲಿ ಮಂಟಪದ ಮುಂದೆ ಜೀಪು ನಿಂತಿತ್ತು. ಶ್ಯಾಮಣ್ಣ ಅಡುಗೆಮನೆಯಲ್ಲಿ ಟೋಪಿ ಹಾಕಿಕೊಳ್ಳಲು ಹೋಗಿ ಬೀಳಿಸಿ, ಎತ್ತಿಕೊಂಡು, ಮತ್ತೆ ಬೀಳಿಸಿದ. ದೊಡ್ಡ ಸಾಹೇಬರು ಬಂದಿದ್ದಾರೆ, ಈಗಲೇ ಇನ್ನೊಂದು ಸಲ ಎಣಿಸಬೇಕಂತೆ. ‘ಒಂದು ತಲೆ ಕಮ್ಮಿ ಬಂದ್ರೆ ನನ್ನ ಮನೆ ಹಾಳಾಯ್ತದೆ ಭಾವ. ಎರಡು ಹೆಣ್ಣುಮಕ್ಕಳವೆ.’ ಗೋಪಿನಾಥ ಆಟೋದ ಕಡೆಗೆ ಓಡಬೇಕೆಂದುಕೊಂಡ. ಈಗ ತಾನೆ ಹಾಲು ಹಿಡಿದ ಮಗುವನ್ನು ಎದೆಯಿಂದ ಕೀಳಬೇಕು. ಹೋಗಲಿಲ್ಲ. ಬಾಗಿಲ ಸಂದಿಯಿಂದ ಒಳಗೆ ನೋಡಿದ. ಮಹಿಳಾ ಇನ್‌ಸ್ಪೆಕ್ಟರು ಆಗಲೇ ಕೋಣೆಯ ಆ ಕೊನೆಯಿಂದ ಬೆರಳು ತೋರಿಸುತ್ತಾ ಬರುತ್ತಿದ್ದಳು, ಹಿಂದೆ ಸಾಹೇಬರು ಕೈ ಹಿಂದಕ್ಕೆ ಕಟ್ಟಿಕೊಂಡು. ತಾಯಿ ಎಲ್ಲಿ ಎಂದು ಅಡುಗೆಮನೆಯಲ್ಲೆಲ್ಲ ಕಣ್ಣಾಡಿಸಿದ. ಅವಳು ಅಲ್ಲಿರಲಿಲ್ಲ.

ಗೋವಿಂದಮ್ಮ ಸಾಲಿನಲ್ಲಿ ಕೂತಿದ್ದಳು. ಶಶಿಕಲಾ ಎದ್ದುಹೋದ ಜಾಗದಲ್ಲಿ, ಕಾಲು ಮಡಿಸಿಕೊಂಡು, ಕಳೆ ಕೀಳುವವರು ಬುತ್ತಿಗೆ ಕೂತ ಹಾಗೆ ನಿರಾಳವಾಗಿ. ಯಾರೂ ಅವಳನ್ನು ಕೂರು ಎಂದಿರಲಿಲ್ಲ ಎಂಬುದು ಆದಿಲಕ್ಷ್ಮಿಯ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವಳು ಬಿಳಿಚಿಕೊಂಡಿದ್ದಳು. ಹೊಲದ ಮಣ್ಣು ಸೇರಿ ಬಿರಿದ ಹಿಮ್ಮಡಿ, ಎಲೆಯಡಿಕೆ ಅಗಿದು ಕೆಂಪಾದ ಬಾಯಿ, ಹೆಬ್ಬೆಟ್ಟು ಬಿಟ್ಟರೆ ಬೇರೆ ಸಹಿ ಅರಿಯದ ತಾಯಿ ಇನ್ನೂರು ಟೀಚರಮ್ಮಗಳ ನಡುವೆ ಒಂದು ತಲೆಯಾಗಿ ಕೂತಿದ್ದಳು. ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೂರುತ್ತಿದ್ದಳು ಎಂದು ಗೋಪಿನಾಥನಿಗೆ ಗೊತ್ತಿತ್ತು. ಇನ್‌ಸ್ಪೆಕ್ಟರಮ್ಮನ ಬೆರಳು ಒಂದೊಂದೇ ತಲೆ ದಾಟಿ ಹತ್ತಿರ ಬಂತು. ಗೋವಿಂದಮ್ಮನ ಮೇಲೆ ಬಂದು ನಿಂತಿತು.

‘ಎಂದ ಸ್ಕೂಲ್ ಅಮ್ಮಾ?’ ಎಂದು ತಮಿಳಿನಲ್ಲಿ ಕೇಳಿದಳು, ಯಾವ ಶಾಲೆ ಎಂದು.

‘ಉದ್ದನಪಲ್ಲಿ.’

‘ಎಂದ ಕ್ಲಾಸ್?’

ಗೋವಿಂದಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ‘ಎಲ್ಲಾ ಕ್ಲಾಸೂ ನಾನೇಯ. ಬ್ಯಾರೆ ಯಾರವ್ರೆ ಅಲ್ಲಿ?’ ಎಂದಳು. ಮೇಷ್ಟ್ರೊಬ್ಬರೇ ಐದೂ ಕ್ಲಾಸು ನಡೆಸುವ ಹಳ್ಳಿ ಶಾಲೆಗಳನ್ನು ಕಂಡು ಬೆಳೆದವಳೋ ಏನೋ, ಇನ್‌ಸ್ಪೆಕ್ಟರು ಹುಂ ಎಂದು ಬೆರಳನ್ನು ಮುಂದಿನ ತಲೆಗೆ ಒಯ್ದಳು. ಅಲ್ಲೆಲ್ಲೋ ಲೆಕ್ಕ ತಪ್ಪಿತು. ಸಾಹೇಬರು ಏನೋ ಅಂದರು. ಅವಳು ವಾಪಸು ಹೋಗಿ ಮೊದಲಿನಿಂದ ಶುರು ಮಾಡಿದಳು.

ಬಾಗಿಲ ಸಂದಿಯಲ್ಲಿ ಗೋಪಿನಾಥನ ತುಟಿಗಳೂ ಅಲುಗುತ್ತಿದ್ದವು. ಅವನೂ ಎಣಿಸುತ್ತಿದ್ದ. ಬೆಳಿಗ್ಗೆ ಮನೆ ಬಿಟ್ಟಾಗ ಈ ಲೆಕ್ಕದಿಂದ ಒಂದು ತಲೆಯನ್ನು ಕಡಿಮೆ ಮಾಡಲೆಂದೇ ಅವನು ಹೊರಟಿದ್ದು. ಈಗ ಒಂದೂ ಕಡಿಮೆಯಾಗದಿರಲಿ, ದೇವರೇ, ಒಂದೂ ಕಡಿಮೆಯಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಹೆಸರು ಗೊತ್ತಿಲ್ಲದ ಹೆಂಗಸರು. ಒಬ್ಬಳ ತಲೆ ದಾಟಿದಾಗ ಉಸಿರು ಬಿಟ್ಟು, ಮುಂದಿನವಳಿಗೆ ಮತ್ತೆ ಉಸಿರು ಹಿಡಿದ. ಬೆರಳು ಆದಿಲಕ್ಷ್ಮಿಯನ್ನು ಎಣಿಸಿತು. ಅವಳು ಹಣೆಯೆತ್ತಿ ಕೂತಿದ್ದಳು. ಬೆರಳು ತಾಯಿಯನ್ನು ಎಣಿಸಿತು. ಇವರಿಬ್ಬರೂ ತನ್ನವರು ಎಂದು ಕೂಗಿ ಹೇಳಬೇಕು ಅನ್ನಿಸಿ, ಕಣ್ಣಿಗೆ ಏನೂ ಕಾಣದಾಯಿತು. ಕೊನೆಗೆ ಇನ್‌ಸ್ಪೆಕ್ಟರು ಹೇಳಿದ ಸಂಖ್ಯೆಗೂ ಸಾಹೇಬರ ಕೈಯಲ್ಲಿದ್ದ ಸಂಖ್ಯೆಗೂ ತಾಳೆಯಾಯಿತು. ಬೂಟುಗಳ ಸದ್ದು ಹೊರಗೆ ಹೋಯಿತು. ಶ್ಯಾಮಣ್ಣ ಕೊಳಗಕ್ಕೆ ಒರಗಿ ಕೂತು ಮುಖ ಒರೆಸಿಕೊಂಡ.

ಆದಿಲಕ್ಷ್ಮಿ ಹೊಸಿಲಿಗೆ ಬಂದಳು. ‘ಅತ್ತೆ ಈಗ್ಲೇ ಬರಲ್ವಂತೆ. ಶಶಿಕಲಾ ವಾಪಸ್ ಬಂದ್ಮೇಲೇ ಏಳೋದಂತೆ’ ಅಂದಳು. ಆಮೇಲೆ ಮೆಲ್ಲಗೆ, ‘ನಾಳೆ ಏನಾಗುತ್ತೋ ಗೊತ್ತಿಲ್ಲ ರೀ. ನನಗೆ ತುಂಬ ಭಯ ಆಗೈತೆ’ ಅಂದಳು.

ಅವನಿಗೂ ಭಯವಾಗಿತ್ತು. ಅವಳ ಸಂಬಳವಿಲ್ಲದೆ ಮನೆ ಹೇಗೆ, ಹರ್ಷಿತಾ ಓದು ಹೇಗೆ, ಯಾವುದೂ ಅವನಿಗೆ ಗೊತ್ತಿರಲಿಲ್ಲ. ಮುಷ್ಕರ ಸರಿಯೋ ತಪ್ಪೋ ಎಂಬುದೂ ಇನ್ನೂ ಗೊತ್ತಿರಲಿಲ್ಲ. ಅವಳ ಮುಖವನ್ನು ನೋಡುತ್ತಾ ನಿಂತ. ಇಷ್ಟು ವರ್ಷ ಜೊತೆಗಿದ್ದವಳ ಎದುರಿಗೆ, ದೊಡ್ಡವರ ಎದುರಿಗೆ ನಿಂತ ಹಾಗೆ ಕೈಕಟ್ಟಿ ನಿಂತಿದ್ದೇನೆಂದು ಅವನಿಗೆ ತಡವಾಗಿ ಅರಿವಾಯಿತು.

‘ಒಳಗೆ ಎಲ್ಲರಿಗೂ ಬೆಳಿಗ್ಗೆ ತಿಂಡಿ ಏನು ಕೊಡ್ತಾರೆ?’ ಎಂದು ಕೇಳಿದ.

‘ಏನಾದ್ರೂ ಕೊಟ್ರೆ ಉಂಟು. ಯಾಕೆ?’

‘ಹರ್ಷಿತಾನೂ ನಾನೂ ಸೇರಿ ಚಿತ್ರಾನ್ನ ಮಾಡ್ಕೊಂಡು ಬತ್ತೀವಿ. ಮರದ ಕೆಳಗಿರೋರಿಗೂ ಹೇಳ್ತೀನಿ, ಅವರೂ ಏನಾದ್ರೂ ತರ್ಲಿ.’

ಅವಳು ಅವನನ್ನೇ ನೋಡಿದಳು. ‘ನಾಳೆ ಎಷ್ಟೊತ್ತಿಗೆ ಬತ್ತೀರಾ?’

‘ಹತ್ತು ಗಂಟೆಗೆ’ ಅಂದ ಗೋಪಿನಾಥ.